ರಂಗನತಿಟ್ಟಿನ ದೋಣಿ ಹತ್ತೋ ಮುಂಚೆ: ಹಾರೋ ಹಕ್ಕಿಗೆ ಫೋಕಸ್, ಲೆನ್ಸ್, ಎಕ್ಸ್‌ಪೋಷರ್ ಸೆಟ್ ಮಾಡ್ಕೊಳೋದು ಹೇಗೆ

ರಂಗನತಿಟ್ಟಿನಲ್ಲಿ ದೋಣಿ ಹತ್ತಿ ಕೂತ್ಮೇಲೆ ಮೆನು ಒಳಗೆ ತಡಕಾಡೋರನ್ನ ಹೋದಾಗೆಲ್ಲ ನೋಡ್ತೀನಿ. ಕೈಯಲ್ಲಿ ಒಳ್ಳೆ ಕ್ಯಾಮೆರಾ ಬಾಡಿ, ಮುಂದೆ ದೊಡ್ಡ ಲೆನ್ಸು, ತಲೆ ಮೇಲೇನೇ ಬಣ್ಣದ ಕೊಕ್ಕರೆ ಗೂಡಿಗೆ ಕಡ್ಡಿ ಕಚ್ಕೊಂಡು ಹೋಗ್ತಾ ಇರುತ್ತೆ, ಇವರು ಎಎಫ್ (ಆಟೋಫೋಕಸ್) ಮೋಡ್ ಎಲ್ಲಿತ್ತು ಅಂತ ಹುಡುಕ್ತಾ ಇರ್ತಾರೆ. ದೋಣೀಲಿ ಸಿಗೋ ಹೊತ್ತೇ ಕಮ್ಮಿ, ಅಷ್ಟರಲ್ಲಿ ಕಣ್ಣು ಹಕ್ಕಿ ಮೇಲಿರ್ಬೇಕು. ನಾನು ಕಂಡಂಗೆ ಕೆಟ್ಟುಹೋಗೋ ಫೋಟೋಗಳಲ್ಲಿ ಮುಕ್ಕಾಲು ಪಾಲು ಆಟೋಫೋಕಸ್ ಸರಿ ಇಲ್ಲದೆ ಕೆಡಲ್ಲ, ಹಿಂದಿನ ರಾತ್ರಿ ಮನೇಲಿ ಕೂತು ತೀರ್ಮಾನ ಮಾಡ್ಬೇಕಾದ್ದನ್ನ ನೀರಿನ ಮೇಲೆ ತೀರ್ಮಾನ ಮಾಡಕ್ಕೆ ಹೋಗಿ ಕೆಡ್ತವೆ. ಅದಕ್ಕೆ ನಾನು ಮಾಡ್ಕೊಳೋ ಕ್ರಮಾನ ಇಲ್ಲಿ ಒಂದೊಂದಾಗಿ ಬರೀತಿದೀನಿ.

ನನ್ನ ಹತ್ರ ಇರೋದು ನಿಕಾನ್ ಡಿ500, ಜೊತೆಗೆ 200-500 ಎಂಎಂ ಎಫ್ 5.6 ಲೆನ್ಸು (ಎಫ್ ಅಂಕಿ ಅಂದ್ರೆ ಬೆಳಕು ಬರೋ ಕಿಂಡಿಯ, ಅಂದ್ರೆ ಅಪರ್ಚರ್‌ನ ಅಳತೆ, ಅಂಕಿ ದೊಡ್ಡದಾದಷ್ಟು ಕಿಂಡಿ ಚಿಕ್ಕದು). 2016ರಲ್ಲಿ ಬಂದ ಡಿಎಸ್‌ಎಲ್‌ಆರ್, ಅಂದ್ರೆ ಒಳಗೆ ಕನ್ನಡಿ ಇರೋ ಕ್ಯಾಮೆರಾ, ಈಗ ಎಲ್ರೂ ಕನ್ನಡಿ ಇಲ್ಲದ ಮಿರರ್‌ಲೆಸ್ ಕಡೆ ಹೋಗಿದಾರೆ, ಆದ್ರೂ ಸೆಕೆಂಡ್ ಹ್ಯಾಂಡಲ್ಲಿ ತಗೊಂಡು ಹಕ್ಕಿ ಫೋಟೋ ಶುರು ಮಾಡೋರಿಗೆ ಇವತ್ತಿಗೂ ತುಂಬಾ ಒಳ್ಳೆ ಜೋಡಿ ಅಂತಾನೇ ನನ್ನ ಅಭಿಪ್ರಾಯ. ಕ್ಯಾನನ್, ಸೋನಿಯಲ್ಲಿ ಹೆಸರು ಬೇರೆ ಇದ್ದಲ್ಲಿ ಅಲ್ಲಲ್ಲೇ ಹೇಳ್ತೀನಿ.

ಹಿಂದಿನ ರಾತ್ರಿ: ಫೋಕಸ್‌ಗೆ ಮೂರು ವಿಷಯ ಹೇಳಿಡಿ

ಕ್ಯಾಮೆರಾಗೆ ನೀವು ಹೇಳ್ಬೇಕಾದ್ದು ಇಷ್ಟೇ. ಯಾವಾಗ ಫೋಕಸ್ ಮಾಡ್ಬೇಕು, ಎಲ್ಲಿ ಹುಡುಕ್ಬೇಕು, ಹಿಡಿದಿದ್ದನ್ನ ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿರ್ಬೇಕು.

ಯಾವಾಗ ಅನ್ನೋದಕ್ಕೆ ಕಂಟಿನ್ಯುಯಸ್ ಮೋಡ್, ನಿಕಾನ್ ಸೋನಿಯಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಸರ್ವೋ. ಇದರ ಜೊತೆ ಫೋಕಸ್ ಮಾಡೋ ಕೆಲಸಾನ ಶಟರ್ ಬಟನ್‌ನಿಂದ ಕಿತ್ತು ಹಿಂದೆ ಹೆಬ್ಬೆರಳಿಗೆ ಸಿಗೋ ಎಎಫ್-ಆನ್ ಬಟನ್‌ಗೆ ಕೊಟ್ಬಿಡಿ. ನಿಕಾನ್‌ನಲ್ಲಾದ್ರೆ ಕಸ್ಟಮ್ ಸೆಟ್ಟಿಂಗ್ ಒಳಗೆ ಎಎಫ್ ಆಕ್ಟಿವೇಷನ್ ಅಂತ ಇರುತ್ತೆ, ಅದನ್ನ ಎಎಫ್-ಆನ್ ಓನ್ಲಿ ಮಾಡಿ. ಮೊದಲ ಎರಡು ದಿನ ಕೈ ತಡವರಿಸುತ್ತೆ, ಆಮೇಲೆ ಅಭ್ಯಾಸ ಆಗುತ್ತೆ. ಲಾಭ ಏನಂದ್ರೆ ಕೂತಿರೋ ಹಕ್ಕಿಗೆ ಒಂದ್ಸಲ ಹೆಬ್ಬೆರಳು ಒತ್ತಿ ಬಿಟ್ರೆ ಫೋಕಸ್ ಅಲ್ಲೇ ನಿಲ್ಲುತ್ತೆ, ಹಾರಿದ ತಕ್ಷಣ ಒತ್ತಿ ಹಿಡಿದ್ರೆ ಬೆನ್ನು ಹತ್ತುತ್ತೆ, ಮೋಡ್ ಬದಲಾಯಿಸೋ ಪ್ರಶ್ನೇನೇ ಬರಲ್ಲ.

ಎಲ್ಲಿ ಹುಡುಕ್ಬೇಕು ಅನ್ನೋದು, ಅಂದ್ರೆ ವ್ಯೂಫೈಂಡರಲ್ಲಿ ಕಾಣೋ ಫೋಕಸ್ ಪಾಯಿಂಟ್‌ಗಳಲ್ಲಿ ಎಷ್ಟನ್ನ ಬಳಸ್ಬೇಕು ಅನ್ನೋದು, ಹಿನ್ನೆಲೆ ಮೇಲೆ ನಿಂತಿದೆ. ಬರೀ ಆಕಾಶ ಇದ್ರೆ ಗ್ರೂಪ್ ಏರಿಯಾ ಚೆನ್ನಾಗಿ ಕೆಲಸ ಮಾಡುತ್ತೆ, ಅದು ತನ್ನ ಗುಂಪಿನ ಪಾಯಿಂಟ್‌ಗಳಲ್ಲಿ ಯಾವುದಕ್ಕೆ ಹತ್ತಿರದ ವಸ್ತು ಸಿಕ್ತೋ ಅದನ್ನ ಹಿಡಿಯುತ್ತೆ, ಆಕಾಶದಲ್ಲಿ ಹತ್ತಿರ ಇರೋದು ಹಕ್ಕಿ ಮಾತ್ರ ತಾನೇ. ಆದ್ರೆ ಅದೇ ಗ್ರೂಪ್ ಇಟ್ಕೊಂಡು ಬಿದಿರು ಮೆಳೆ ಒಳಗೆ ಕೂತಿರೋ ನೀರುಕಾಗೆಗೆ ಹೋದ್ರೆ ಮುಂದಿನ ಎಲೆ ಹಿಡ್ಕೊಳುತ್ತೆ, ಅಲ್ಲಿಗೆ ಸಿಂಗಲ್ ಪಾಯಿಂಟೇ ಬೇಕು. ಹಿಂದೆ ಮರ, ನೀರು ಎಲ್ಲಾ ಕಲಸಿಕೊಂಡಿದ್ದು ಹಕ್ಕಿ ಅಡ್ಡಡ್ಡ ಹಾರ್ತಿದ್ರೆ ಡೈನಮಿಕ್ 25, ನೀವಿಟ್ಟ ಪಾಯಿಂಟಿಂದ ಹಕ್ಕಿ ಜಾರಿದ್ರೆ ಸುತ್ತಲಿನ ಪಾಯಿಂಟ್‌ಗಳು ನೆರವಿಗೆ ಬರ್ತವೆ. ನಾನು ಈ ಮೂರರಲ್ಲೇ ಇರ್ತೀನಿ, ಮಿಕ್ಕಿದ್ದನ್ನ ಮುಟ್ಟೋದೇ ಇಲ್ಲ.

ಮಿರರ್‌ಲೆಸ್ ಇರೋರು ಹಕ್ಕಿ ಕಣ್ಣು ಗುರುತು ಹಿಡಿಯೋ ಆಯ್ಕೆ ಇದೆಯಲ್ಲ ಇದೆಲ್ಲ ಯಾಕೆ ಅಂತೀರಿ. ನಿಜ, ಅದು ನಿಜಕ್ಕೂ ದೊಡ್ಡ ಉಪಕಾರ, ಒಂಟಿ ಹಕ್ಕಿ ಆದ್ರೆ ಫ್ರೇಮಿನ ಮೂಲೇಲಿದ್ರೂ ಕಣ್ಣಿಗೆ ಅಂಟ್ಕೊಳುತ್ತೆ. ಆದ್ರೆ ರಂಗನತಿಟ್ಟಿನ ಕಷ್ಟ ಬೇರೆ, ಇಲ್ಲಿ ಒಂದೇ ಮರದಲ್ಲಿ ಹತ್ತಾರು ಕೊಕ್ಕರೆ ಕೂತಿರ್ತವೆ, ಹತ್ತಾರು ಕಣ್ಣು, ಇಳೀತಾ ಇರೋ ಹಕ್ಕೀನ ಬಿಟ್ಟು ಪಕ್ಕದ ಗೂಡಲ್ಲಿ ತೂಕಡಿಸ್ತಿರೋದರ ಕಣ್ಣಿಗೆ ಹಾರ್ಬಿಡುತ್ತೆ. ಹಾಗಾಗಿ ಹಕ್ಕಿ ಗುರುತಿಸೋದನ್ನ ಆನ್ ಇಟ್ಟು, ಹುಡುಕೋ ಜಾಗಾನ ಮಾತ್ರ ಚಿಕ್ಕದು ಮಾಡಿ, ಇಡೀ ಫ್ರೇಮ್ ಕೊಡ್ಬೇಡಿ.

ಮೂರನೇದು, ಎಷ್ಟು ಗಟ್ಟಿಯಾಗಿ ಹಿಡ್ಕೊಬೇಕು. ಹಕ್ಕಿ ಹಾರ್ತಾ ಹಾರ್ತಾ ಒಂದು ಕೊಂಬೆ ಹಿಂದೆ ಹೋಗಿ ಬಂದ್ರೆ ಕ್ಯಾಮೆರಾ ಕೊಂಬೆಗೆ ಹೋಗ್ಬೇಕೋ ಕಾಯ್ಬೇಕೋ ಅನ್ನೋದು ಇದು. ಇಲ್ಲೊಂದು ಎಚ್ಚರಿಕೆ, ಕಂಪನಿ ಕಂಪನಿಗೆ ಅಂಕಿ ತಲೆಕೆಳಗು. ನಿಕಾನ್‌ನಲ್ಲಿ 1 ಅಂದ್ರೆ ತಕ್ಷಣ ಬಿಡೋದು, 5 ಅಂದ್ರೆ ತಡವಾಗಿ ಬಿಡೋದು. ಸೋನಿಯಲ್ಲಿ 1 ಅಂದ್ರೆ ಗಟ್ಟಿಯಾಗಿ ಹಿಡ್ಕೊಳೋದು, 5 ಅಂದ್ರೆ ತಕ್ಷಣ ಬಿಡೋದು. ಕ್ಯಾನನ್‌ನಲ್ಲಿ ಮೈನಸ್ ಕಡೆ ಗಟ್ಟಿ, ಪ್ಲಸ್ ಕಡೆ ಸಡಿಲ. ಒಂದು ಕಂಪನಿಯವರು ಹೇಳಿದ ಅಂಕೀನ ಇನ್ನೊಂದು ಕ್ಯಾಮೆರಾಗೆ ಹಾಕಿದ್ರೆ ಪೂರ್ತಿ ಉಲ್ಟಾ ಆಗುತ್ತೆ. ರಂಗನತಿಟ್ಟಿನಂಥ ಮರಗಿಡ ಇರೋ ಜಾಗಕ್ಕೆ ಗಟ್ಟಿ ಕಡೆ ಇರ್ಲಿ, ನಾನು ನಿಕಾನ್‌ನಲ್ಲಿ 4 ಇಡ್ತೀನಿ.

ಲೆನ್ಸಿನ ಮೇಲಿರೋ ಸ್ವಿಚ್ಚುಗಳು

ಇದನ್ನ ಜನ ತುಂಬಾ ಹಗುರಾಗಿ ತಗೊಳ್ತಾರೆ. 200-500ರ ಪಕ್ಕದಲ್ಲಿ ಒಂದು ಸ್ವಿಚ್ ಇದೆ, ಫುಲ್ ಅಂತ ಒಂದು, 6 ಮೀಟರಿಂದ ಅನಂತದವರೆಗೆ ಅಂತ ಇನ್ನೊಂದು. ಫುಲ್ ಅಲ್ಲಿಟ್ರೆ ಲೆನ್ಸು 2.2 ಮೀಟರಿಂದ ಹುಡುಕಕ್ಕೆ ಶುರು ಮಾಡುತ್ತೆ, ಒಂದ್ಸಲ ಹಕ್ಕಿ ತಪ್ಪಿದ್ರೆ ಆ ತುದಿಯಿಂದ ಈ ತುದಿಗೆ ಹೋಗಿಬರೋಷ್ಟರಲ್ಲಿ ಹಕ್ಕಿ ಕಾವೇರಿ ದಾಟಿರುತ್ತೆ. ದೋಣೀಲಿ ಕೂತಾಗ 6 ಮೀಟರಿಗಿಂತ ಹತ್ತಿರ ಏನೂ ಬೇಕಾಗಿರಲ್ಲ, ಸ್ವಿಚ್ಚನ್ನ ಆ ಕಡೆ ಹಾಕಿ ಮರೆತುಬಿಡಿ. ಬೇರೆ ಲೆನ್ಸಲ್ಲಿ ಅಂಕಿ ಬೇರೆ ಇರುತ್ತೆ, ಕೆಲಸ ಒಂದೇ.

ವಿಆರ್ ಅಂದ್ರೆ ಕೈ ನಡುಕ ತಡೆಯೋದು, ಅದನ್ನ ಸ್ಪೋರ್ಟ್ ಮೋಡಿಗೆ ಹಾಕಿ. 1/2000 ಸೆಕೆಂಡ್ ಶಟರ್ ಇದ್ಮೇಲೆ ಫೋಟೋಗೆ ವಿಆರ್ ಅಷ್ಟು ಬೇಕಿಲ್ಲ ಅಂತ ಕೆಲವರು ಪೂರ್ತಿ ಆಫ್ ಮಾಡ್ತಾರೆ, ನೆಲದ ಮೇಲೆ ನಾನೂ ಹಾಗೇ ಮಾಡ್ತೀನಿ, ಆದ್ರೆ ದೋಣಿ ಅಲುಗಾಡ್ತಾ ಇರುವಾಗ ವ್ಯೂಫೈಂಡರ್ ಒಳಗಿನ ಚಿತ್ರ ಸ್ವಲ್ಪ ನಿಂತ್ರೆ ಪಾಯಿಂಟನ್ನ ಹಕ್ಕಿ ತಲೆ ಮೇಲೆ ಇಡೋದು ಸುಲಭ, ಅದು ಫೋಕಸ್‌ಗೇ ಸಹಾಯ.

ಇನ್ನು ಲೆನ್ಸ್ ಒಳಗೆ ಏನು ನಡೆಯುತ್ತೆ ಅನ್ನೋದು ಸ್ವಲ್ಪ ತಿಳ್ಕೊಂಡಿದ್ರೆ ದುಡ್ಡು ಉಳಿಯುತ್ತೆ. 1985ರಲ್ಲಿ ಮಿನೋಲ್ಟಾ 7000 ಬಂದಾಗ ಫೋಕಸ್ ಮೋಟರ್ ಬಾಡಿ ಒಳಗಿತ್ತು, ಲೆನ್ಸನ್ನ ಬಾಡಿಯಿಂದ ತಿರುಗಿಸೋದು. ನಿಕಾನ್ ಕೂಡ ಅದೇ ದಾರಿ ಹಿಡೀತು. ಕ್ಯಾನನ್ 1987ರಲ್ಲಿ ಹಳೇ ಮೌಂಟನ್ನೇ (ಲೆನ್ಸ್ ಬಾಡಿಗೆ ಕೂರೋ ಜಾಗ) ಬಿಟ್ಟು ಇಎಫ್ ಮೌಂಟ್ ತಂದು ಮೋಟರನ್ನ ಲೆನ್ಸ್ ಒಳಗೇ ಇಟ್ರು, ಕೊನೆಗೆ ಎಲ್ರೂ ಅಲ್ಲಿಗೇ ಬಂದ್ರು. ಇದು ಹಳೇ ಕಥೆ ಅನ್ಸುತ್ತೆ, ಆದ್ರೆ ಕಮ್ಮಿ ರೇಟಿಗೆ ಸಿಕ್ತು ಅಂತ ಒಳಗೆ ಮೋಟರ್ ಇಲ್ಲದ ಹಳೇ ನಿಕಾನ್ ಎಎಫ್-ಡಿ ಲೆನ್ಸ್ ತಗೊಂಡು, ಹಳೇ ಲೆನ್ಸನ್ನ ಹೊಸ ಮೌಂಟಿಗೆ ಜೋಡಿಸೋ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಝಡ್ ಮಿರರ್‌ಲೆಸ್‌ಗೆ ಕೂರಿಸಿದ್ರೆ ಆಟೋಫೋಕಸ್ ಬರಲ್ಲ, ಆ ಅಡಾಪ್ಟರಲ್ಲಿ ತಿರುಗಿಸೋ ಮೋಟರ್ ಇಲ್ಲ. ತಗೊಳೋ ಮುಂಚೆ ಲೆನ್ಸ್ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಇದೆಯಾ ನೋಡಿ.

1.4 ಟೆಲಿಕನ್ವರ್ಟರ್, ಅಂದ್ರೆ ಲೆನ್ಸ್ ಮತ್ತೆ ಬಾಡಿ ನಡುವೆ ಹಾಕಿ ಚಿತ್ರಾನ 1.4 ಪಟ್ಟು ಹಿಗ್ಗಿಸೋ ಪುಟ್ಟ ಲೆನ್ಸು, ಅದರ ಬಗ್ಗೆನೂ ಒಂದು ಮಾತು. ಎಫ್ 5.6 ಲೆನ್ಸಿಗೆ ಅದನ್ನ ಹಾಕಿದ್ರೆ ಎಫ್ 8 ಆಗುತ್ತೆ. ಡಿಎಸ್‌ಎಲ್‌ಆರ್ ಫೋಕಸ್ ಸೆನ್ಸರ್ ಕೆಲಸ ಮಾಡೋದು ಲೆನ್ಸಿನ ಎರಡು ಬದಿಯಿಂದ ಬರೋ ಬೆಳಕನ್ನ ಹೋಲಿಸಿ, ಎರಡೂ ಚಿತ್ರ ಎಷ್ಟು ಸರಿದಿವೆ ಅಂತ ಅಳೆದು, ಆ ಲೆಕ್ಕದಲ್ಲೇ ಯಾವ ಕಡೆ ಎಷ್ಟು ಓಡ್ಬೇಕು ಅಂತ ಲೆನ್ಸಿಗೆ ಹೇಳೋದು. ದಾರಿ ಕಿರಿದಾದಷ್ಟು ಅದಕ್ಕೆ ಕಷ್ಟ. ಡಿ500ರಲ್ಲಿ 153 ಪಾಯಿಂಟ್ ಇದ್ರೂ ಎಫ್ 8ಕ್ಕೆ ಹೋದ್ರೆ ಮಧ್ಯದ ಕೆಲವೇ ಉಳೀತವೆ. ಹಾರೋ ಹಕ್ಕಿಗೆ ಕನ್ವರ್ಟರ್ ಬೇಡ. ಮಿರರ್‌ಲೆಸ್ ಆದ್ರೆ ಈ ತೊಂದರೆ ಅಷ್ಟಿಲ್ಲ.

ಮನೇಲೇ ಒಂದ್ಸಲ ಫೈನ್ ಟ್ಯೂನ್

ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯೋ ಸೆನ್ಸರ್ ಬೇರೆ, ಫೋಟೋ ತೆಗೆಯೋ ಸೆನ್ಸರ್ ಬೇರೆ, ಬೆಳಕು ಎರಡು ದಾರೀಲಿ ಹೋಗುತ್ತೆ, ಆ ಎರಡು ದಾರಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೂ ಕಣ್ಣಿಗಿಟ್ಟ ಫೋಕಸ್ ರೆಕ್ಕೆ ಮೇಲೆ ಬೀಳುತ್ತೆ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಗೋಡೆಗೆ ಅಚ್ಚಾದ ಒಂದು ಹಾಳೆ ಅಂಟಿಸಿ, ಹತ್ತು ಮೀಟರ್ ಹತ್ರ ದೂರ ಇಟ್ಕೊಂಡು ಲೈವ್ ವ್ಯೂನಲ್ಲಿ (ಹಿಂದಿನ ಸ್ಕ್ರೀನಲ್ಲಿ ನೋಡ್ತಾ) ಮಧ್ಯದ ಪಾಯಿಂಟಿಂದ ಫೋಕಸ್ ಮಾಡಿ, ಎಎಫ್ ಮೋಡ್ ಬಟನ್ನು ಮತ್ತೆ ವಿಡಿಯೋ ರೆಕಾರ್ಡ್ ಬಟನ್ನು ಎರಡನ್ನೂ ಒಟ್ಟಿಗೆ ಎರಡು ಸೆಕೆಂಡ್ ಮೇಲೆ ಒತ್ತಿ ಹಿಡೀರಿ, ಡಿ500 ತಾನೇ ಲೆಕ್ಕ ಹಾಕಿ ಒಂದು ಅಂಕಿ ಇಟ್ಕೊಳುತ್ತೆ. ಒಂದೇ ಸಲಕ್ಕೆ ನಂಬಬೇಡಿ, ಐದಾರು ಸಲ ಮಾಡಿ ಬಂದ ಅಂಕಿಗಳನ್ನ ಬರ್ಕೊಂಡು ನಡುವಿನದ್ದನ್ನ ಇಡಿ. ಮಿರರ್‌ಲೆಸ್‌ನೋರು ಇದನ್ನ ಬಿಟ್ಟು ಮುಂದೆ ಹೋಗಿ, ಅಲ್ಲಿ ಎರಡೂ ಕೆಲಸ ಒಂದೇ ಸೆನ್ಸರ್ ಮಾಡುತ್ತೆ.

ಎಕ್ಸ್‌ಪೋಷರ್: ಬಿಳಿ ಗರಿ ಉಳಿಸೋದು

ಎಕ್ಸ್‌ಪೋಷರ್ ಅಂದ್ರೆ ಫೋಟೋಗೆ ಎಷ್ಟು ಬೆಳಕು ಅನ್ನೋದು, ನನಗೆ ಅತಿ ಮುಖ್ಯ ಅನ್ಸೋದು ಇದು. ಮೊದಲ ಸಲ ಹೋದಾಗ ಚಮಚ ಕೊಕ್ಕಿನ ಹಕ್ಕಿ ನೂರಾರು ಫೋಟೋ ತೆಗೆದಿದ್ದೆ, ಫೋಕಸ್ ಎಲ್ಲಾ ಸರಿ ಇತ್ತು, ಮನೆಗೆ ಬಂದು ದೊಡ್ಡ ಸ್ಕ್ರೀನಲ್ಲಿ ನೋಡಿದ್ರೆ ಹಕ್ಕಿ ಜಾಗದಲ್ಲಿ ಬಿಳೀ ಕಾಗದ ಕತ್ತರಿಸಿ ಅಂಟಿಸಿದಂಗಿತ್ತು, ಒಂದು ಗರಿ ಗೆರೆ ಇಲ್ಲ. ಆವತ್ತು ತುಂಬಾ ಬೇಜಾರಾಗಿತ್ತು. ಸುಟ್ಟುಹೋದ ಬಿಳಿ ಯಾವ ಸಾಫ್ಟ್‌ವೇರಲ್ಲೂ ವಾಪಸ್ ಬರಲ್ಲ.

ಯಾಕೆ ಹಾಗಾಯ್ತು ಅಂದ್ರೆ ಕ್ಯಾಮೆರಾದ ಬೆಳಕು ಅಳೆಯೋ ಮೀಟರ್‌ಗೆ ಹಕ್ಕಿ ಬಿಳಿ ಅಂತ ಗೊತ್ತಿಲ್ಲ. ಅದು ಫ್ರೇಮಿನಲ್ಲಿರೋದನ್ನೆಲ್ಲ ಸೇರಿಸಿ ಮಧ್ಯಮ ಬೂದು ಹೊಳಪಿಗೆ ತರಕ್ಕೆ ನೋಡುತ್ತೆ. ಹಿಂದೆ ಕಪ್ಪು ನೀರು ಇದ್ರೆ ಅಯ್ಯೋ ಕತ್ತಲು ಅಂತ ಎಕ್ಸ್‌ಪೋಷರ್ ಏರಿಸುತ್ತೆ, ಬಿಳಿ ಹಕ್ಕಿ ಸುಟ್ಟುಹೋಗುತ್ತೆ. ಅದೇ ಹಕ್ಕಿ ಒಂದು ಕ್ಷಣ ಬಿಟ್ಟು ಆಕಾಶಕ್ಕೆ ಏರಿದ್ರೆ ಅಬ್ಬಾ ಎಷ್ಟು ಬೆಳಕು ಅಂತ ಇಳಿಸುತ್ತೆ, ಹಕ್ಕಿ ಕಪ್ಪಾಗುತ್ತೆ. ಹಕ್ಕಿ ಮೇಲೆ ಬೀಳೋ ಬಿಸಿಲು ಮಾತ್ರ ಎರಡೂ ಕಡೆ ಒಂದೇ! ಹಾಗಿರುವಾಗ ಎಕ್ಸ್‌ಪೋಷರ್ ಯಾಕೆ ಬದಲಾಗ್ಬೇಕು? ಅದಕ್ಕೇ ಬಿಸಿಲು ಸ್ಥಿರವಾಗಿರೋ ದಿನ ಪೂರ್ತಿ ಮ್ಯಾನುಯಲ್, ಐಎಸ್ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) ಕೂಡ ಕೈಯಿಂದಲೇ.

ಹೀಗೆ ಮಾಡಿ. ಎಫ್ 5.6, ಐಎಸ್ಒ 400, ಶಟರ್ 1/3200 ಇಂದ ಶುರು ಮಾಡಿ. ಈ ಅಂಕಿ ಎಲ್ಲಿಂದ ಬಂತು ಅಂದ್ರೆ, ಫಿಲ್ಮ್ ಕಾಲದ ಲೆಕ್ಕ, ನಿಚ್ಚಳ ಬಿಸಿಲಲ್ಲಿ ಎಫ್ 16 ಇಟ್ರೆ ಶಟರ್ ಐಎಸ್ಒ ಅಂಕಿಗೆ ಸಮ, ಅಂದ್ರೆ 1/400, ಎಫ್ 16 ಇಂದ ಎಫ್ 5.6ಕ್ಕೆ ಮೂರು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಎರಡರಷ್ಟು), 400 ಎರಡರಷ್ಟು 800, ಅದರ ಎರಡರಷ್ಟು 1600, ಮತ್ತೆ 3200. ಬೆಳಿಗ್ಗೆ ಬಿಸಿಲು ಇನ್ನೂ ಓರೆಯಾಗಿದ್ದಾಗ ಬೆಳಕು ಕಮ್ಮಿ, 1/2000 ಹತ್ರ ಬರುತ್ತೆ. ಈಗ ಬಿಸಿಲಲ್ಲಿ ಬಂಡೆ ಮೇಲೆ ಕೂತಿರೋ ಒಂದು ಬೆಳ್ಳಕ್ಕಿ ಹುಡುಕಿ, ಅದು ಅಲ್ಲಿ ಯಾವಾಗ್ಲೂ ಒಂದಿರುತ್ತೆ, ಒಂದು ಫೋಟೋ ತೆಗೆದು ಹೈಲೈಟ್ ಮಿನುಗೋ ಸ್ಕ್ರೀನ್ ನೋಡಿ, ಸುಟ್ಟುಹೋದ ಬಿಳಿ ಜಾಗ ಅಲ್ಲಿ ಮಿನುಗುತ್ತೆ. ಎದೆ ಗರಿ ಮಿನುಗ್ತಾ ಇದ್ರೆ ಶಟರ್ ವೇಗ ಒಂದು ಕ್ಲಿಕ್ ಏರಿಸಿ, ಮತ್ತೆ ತೆಗೀರಿ, ಮಿನುಗೋದು ನಿಲ್ಲೋವರೆಗೆ. ಎಲ್ಲಿ ನಿಂತಿತೋ ಅದು ಆ ಬೆಳಗಿನ ಎಕ್ಸ್‌ಪೋಷರ್. ಬಿಳಿ ಸರಿ ಆದ್ರೆ ಬಣ್ಣದ ಕೊಕ್ಕರೆ ಬಾಲದ ಹತ್ರ ಇರೋ ಗುಲಾಬಿ ಗರಿ ಬಣ್ಣನೂ ಹಾಗೇ ಉಳಿಯುತ್ತೆ, ಸ್ವಲ್ಪ ಜಾಸ್ತಿ ಆದ್ರೂ ಮೊದಲು ಹೋಗೋದು ಆ ಗುಲಾಬೀನೇ. ಆ ಸ್ಕ್ರೀನ್ ತೋರ್ಸೋದು ಜೆಪೆಗ್ ಲೆಕ್ಕ ಅನ್ನೋದು ನೆನಪಿರ್ಲಿ, ಸೆನ್ಸರ್ ಹಿಡಿದ ಕಚ್ಚಾ ಮಾಹಿತಿ ಇರೋ ರಾ ಫೈಲಲ್ಲಿ ಇನ್ನೂ ಒಂಚೂರು ಜಾಗ ಇರುತ್ತೆ, ಅದನ್ನ ಕಷ್ಟಕಾಲಕ್ಕೆ ಬಿಟ್ಟಿಡಿ.

ಮೋಡ ಬಂದು ಹೋಗ್ತಾ ಇರೋ ದಿನ ಇದು ಆಗಲ್ಲ. ಆಗ ಶಟರ್ ಮತ್ತೆ ಅಪರ್ಚರ್ ನೀವಿಟ್ಟು ಐಎಸ್ಒ ಆಟೋ ಮಾಡಿ, ಮೇಲಿನ ಮಿತಿ 3200 ಇರ್ಲಿ, ಎಕ್ಸ್‌ಪೋಷರ್ ಹೆಚ್ಚುಕಮ್ಮಿ ಮಾಡೋ ಕಾಂಪೆನ್ಸೇಷನ್ ಬಟನ್ ಮೇಲೆ ಬೆರಳಿಟ್ಕೊಂಡು ಕಪ್ಪು ನೀರಿನ ಮುಂದೆ ಬಿಳಿ ಹಕ್ಕಿ ಅಂದ್ರೆ ಮೈನಸ್ 1, ಬಿಳಿಚಿದ ಆಕಾಶದ ಮುಂದೆ ಅಂದ್ರೆ ಪ್ಲಸ್ 1 ಅಥವಾ ಇನ್ನೂ ಸ್ವಲ್ಪ. ನಿಕಾನ್‌ನಲ್ಲಿ ಹೈಲೈಟ್-ವೇಟೆಡ್ ಮೀಟರಿಂಗ್ ಅಂತ ಒಂದಿದೆ, ಅದು ಫ್ರೇಮಿನಲ್ಲಿ ಅತಿ ಹೊಳಪಿರೋದನ್ನ ಕಾಪಾಡಕ್ಕೆ ನೋಡುತ್ತೆ, ಬೆಳ್ಳಕ್ಕಿಗೆ ಚೆನ್ನಾಗಿದೆ, ನೆರಳಿನ ಭಾಗ ಮಾತ್ರ ತುಂಬಾ ಕಪ್ಪಾಗುತ್ತೆ.

ಐಎಸ್ಒ ಏರಿಸಕ್ಕೆ ಹೆದರ್ಬೇಡಿ. ಕಾಳು ಕಾಳು ಇರೋ ಚೂಪು ಫೋಟೋನ ಸರಿ ಮಾಡಬಹುದು, ನುಣ್ಣಗಿರೋ ಮಸುಕು ಫೋಟೋನ ಏನೂ ಮಾಡಕ್ಕಾಗಲ್ಲ. ಒಂದು ಲೆಕ್ಕ ನೋಡಿ, 20 ಮೀಟರ್ ದೂರದಲ್ಲಿ ಹಕ್ಕಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅಡ್ಡ ಹಾರ್ತಿದೆ ಅಂತಿಟ್ಕೊಳಿ, 500 ಎಂಎಂ ಲೆನ್ಸಲ್ಲಿ ಕ್ಯಾಮೆರಾ ಅಲ್ಲಾಡಿಸದೆ 1/2000ರಲ್ಲಿ ತೆಗೆದ್ರೂ ಡಿ500 ಸೆನ್ಸರ್ ಮೇಲೆ ಅದು ಸುಮಾರು 30 ಪಿಕ್ಸೆಲ್ ಸರಿದಿರುತ್ತೆ. ಶಟರ್ ಒಂದರಿಂದಲೇ ಆಗಲ್ಲ, ಹಕ್ಕಿ ಜೊತೆ ಸೊಂಟದಿಂದ ತಿರುಗಬೇಕು, ಮೊಣಕೈ ಪಕ್ಕೆಗೆ ಒತ್ತಿರ್ಬೇಕು.

ದೋಣೀಲಿ

ಮೊದಲು ಗಾಳಿ ಯಾವ ಕಡೆಯಿಂದ ಅಂತ ನೋಡಿ. ದೊಡ್ಡ ಹಕ್ಕಿಗಳು ಏರೋದೂ ಇಳಿಯೋದೂ ಗಾಳಿಗೆ ಎದುರಾಗಿ, ಹಾಗಾಗಿ ಗಾಳಿ ನಿಮ್ಮ ಬೆನ್ನಿಗೆ ಇದ್ರೆ ಹಕ್ಕಿ ನಿಮ್ಮ ಕಡೆ ಮುಖ ಮಾಡಿ ಇಳಿಯುತ್ತೆ. ಬೆಳಿಗ್ಗೆ ಬಿಸಿಲೂ ಬೆನ್ನಿಗೆ ಸಿಕ್ಕಿದ್ರೆ ಅದಕ್ಕಿಂತ ಭಾಗ್ಯ ಇಲ್ಲ. ದೋಣಿ ನಡೆಸೋರಿಗೆ ಇದೆಲ್ಲಾ ಗೊತ್ತಿರುತ್ತೆ, ಅಣ್ಣಾ ಬೆಳಕು ಹಿಂದಿರೋ ಹಾಗೆ ಒಂಚೂರು ನಿಲ್ಸ್ತೀರಾ ಅಂತ ಕೇಳಿದ್ರೆ ನಿಲ್ಲಿಸ್ತಾರೆ. ಗೂಡಿನ ಹತ್ರ ಹೋಗೋಣ ಅಂತ ಮಾತ್ರ ಒತ್ತಾಯ ಮಾಡ್ಬೇಡಿ. ಬಂಡೆ ಮೇಲೆ ಮೊಟ್ಟೆ ಇಟ್ಟಿರೋ ನದಿ ರೀವ (ರಿವರ್ ಟರ್ನ್ ಹಕ್ಕಿ) ಎದ್ದುಹೋದ್ರೆ ಆ ಬಿಸಿಲಲ್ಲಿ ಮೊಟ್ಟೆ ಕಾದುಹೋಗುತ್ತೆ, ಯಾವ ಫೋಟೋನೂ ಅಷ್ಟು ಬೆಲೆ ಬಾಳಲ್ಲ. 1940ರಲ್ಲಿ ಸಲೀಂ ಅಲಿಯವರು ಮೈಸೂರು ಅರಸರ ಸರ್ಕಾರಕ್ಕೆ ಹೇಳಿ ಈ ಜಾಗಾನ ಪಕ್ಷಿಧಾಮ ಮಾಡಿಸಿದ್ದು ಹಕ್ಕಿಗಳು ನೆಮ್ಮದಿಯಾಗಿ ಮರಿ ಮಾಡ್ಲಿ ಅಂತ.

ಆಮೇಲೆ ಹಕ್ಕಿ ಹುಡುಕೋದು. 500ರಲ್ಲಿ ನೇರ ಹುಡುಕಿದ್ರೆ ಸಿಗಲ್ಲ, 300ಕ್ಕೆ ಇಳಿಸಿ ಫ್ರೇಮ್ ಒಳಗೆ ತಂದು ಆಮೇಲೆ ಎಳೀರಿ. ದೂರ ಇರುವಾಗಲೇ ಹೆಬ್ಬೆರಳು ಒಂದ್ಸಲ ಒತ್ತಿ ಬಿಡಿ, ಮತ್ತೆ ಒತ್ತಿ ಬಿಡಿ, ಹತ್ರ ಬಂದಾಗ ಒತ್ತಿ ಹಿಡೀರಿ. ಶಟರ್ ಮೂರ್ನಾಲ್ಕು ಫ್ರೇಮಿನ ಚಿಕ್ಕ ಚಿಕ್ಕ ಬರ್ಸ್ಟ್ ಸಾಕು. ಕೊಕ್ಕರೆ ಹಾರೋ ಮುಂಚೆ ಕತ್ತು ಮುಂದೆ ಚಾಚಿ ಕಾಲು ಮಡಚಿ ಕುಗ್ಗುತ್ತೆ, ಅದು ಕಂಡ ತಕ್ಷಣ ಕೈ ಸಿದ್ಧ ಇರ್ಬೇಕು.

ನದಿ ರೀವದ ವಿಷಯಕ್ಕೆ ಒಂದು ದಾರಿ ಇದೆ. ಬೇಸಿಗೆ ಶುರುವಿನಲ್ಲಿ ಗಂಡು ಮೀನು ಹಿಡ್ಕೊಂಡು ಅದೇ ಬಂಡೆಗೆ ಅದೇ ದಾರೀಲಿ ಮತ್ತೆ ಮತ್ತೆ ಬರುತ್ತೆ. ಬಂಡೆ ಅಂಚಿಗೆ ಒಂದ್ಸಲ ಫೋಕಸ್ ಮಾಡಿ ಬಿಟ್ಟು ಕಾಯಿರಿ, ಅದು ಬಂದಾಗ ಲೆನ್ಸ್ ಸ್ವಲ್ಪವೇ ಓಡಿದ್ರೆ ಸಾಕಾಗುತ್ತೆ. ಅದರ ತಲೆ ಪೂರ್ತಿ ಕಪ್ಪು ಟೋಪಿ, ಕಣ್ಣು ಆ ಕಪ್ಪಿನ ಒಳಗೇ ಮುಚ್ಚಿಹೋಗಿರುತ್ತೆ, ಹಳದಿ ಕೊಕ್ಕು ಕಪ್ಪು ತಲೆಗೆ ಸೇರೋ ಜಾಗಕ್ಕೆ ಪಾಯಿಂಟ್ ಇಡಿ, ಅಲ್ಲಿ ಬಣ್ಣದ ಅಂಚು ಇರೋದ್ರಿಂದ ಫೋಕಸ್ ಹಿಡಿಯೋದು ಸುಲಭ. ಹೋದ ಸಲ ಹೀಗೆ ಕಾದು ತೆಗೆದ ಒಂದು ಫ್ರೇಮಲ್ಲಿ ಕೊಕ್ಕಲ್ಲಿದ್ದ ಮೀನಿನ ಕಣ್ಣಲ್ಲೂ ಬಿಸಿಲಿನ ಚುಕ್ಕೆ ಕಾಣ್ತಿತ್ತು, ಬಾಲದ ತುದಿಯಿಂದ ಒಂದು ಹನಿ ನೀರು ಬೀಳ್ತಾ ಗಾಳೀಲೇ ನಿಂತಿತ್ತು.

ಮನೆಗೆ ಬಂದ್ಮೇಲೆ: ಮಸುಕಾಗಿದ್ರೆ ಯಾಕೆ ಅಂತ ಕಂಡುಹಿಡೀರಿ

ಫೋಟೋ ಸಾಫ್ಟ್ ಬಂದ್ರೆ ತಕ್ಷಣ ಲೆನ್ಸ್ ಸರಿ ಇಲ್ಲ ಅನ್ಬೇಡಿ. ನೂರು ಪರ್ಸೆಂಟ್‌ಗೆ ಹಿಗ್ಗಿಸಿ ನೋಡಿ. ಹಕ್ಕಿ ಮಸುಕು, ಹಿಂದಿನ ಕೊಂಬೆ ಚೂಪು ಅಂದ್ರೆ ಪಾಯಿಂಟ್ ಜಾರಿದೆ. ತುಂಬಾ ಫೋಟೋದಲ್ಲಿ ಒಂದೇ ಅಳತೆಗೆ ಹಿಂದೆ ಅಥವಾ ಮುಂದೆ ಬೀಳ್ತಿದ್ರೆ ಫೈನ್ ಟ್ಯೂನ್ ನೋಡಿ. ಎಲ್ಲಾ ಒಂದೇ ದಿಕ್ಕಿಗೆ ಗೀಚಿದಂಗಿದ್ರೆ ಶಟರ್ ಸಾಲಿಲ್ಲ ಅಥವಾ ನೀವು ತಿರುಗಿದ್ದು ತಡ ಆಯ್ತು.

ಕಣ್ಣು ಚೂಪಾಗಿದ್ದು ರೆಕ್ಕೆ ತುದಿ ಮಸುಕಾಗಿದ್ರೆ ಅದು ತಪ್ಪಲ್ಲ. 500 ಎಂಎಂ ಎಫ್ 5.6ರಲ್ಲಿ, ಡಿ500ನಂಥ ಸೆನ್ಸರಿಗೆ, 20 ಮೀಟರ್ ದೂರದಲ್ಲಿ ಚೂಪಾಗಿ ಕಾಣೋ ಆಳ ಸುಮಾರು 35 ಸೆಂಟಿಮೀಟರ್, 10 ಮೀಟರಿಗೆ ಬಂದ್ರೆ 9 ಸೆಂಟಿಮೀಟರ್. ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಚಿದ್ರೆ ಒಂದೂವರೆ ಮೀಟರ್ ಹತ್ರ ಇರುತ್ತೆ, ಎಲ್ಲಾ ಒಟ್ಟಿಗೆ ಚೂಪು ಬರ್ಬೇಕು ಅಂದ್ರೆ ಬಿಚ್ಚಿದ ರೆಕ್ಕೆಗಳು ನಿಮ್ಮಿಂದ ಒಂದೇ ದೂರದಲ್ಲಿರೋ ಹಾಗೆ ಹಕ್ಕಿ ತಿರುಗಿರ್ಬೇಕು, ಎಫ್ 8ಕ್ಕೆ ಹೋಗಿ ಐಎಸ್ಒ ಏರಿಸಿದ್ರೆ ಆಳ ಸ್ವಲ್ಪ ಹೆಚ್ಚುತ್ತೆ ಅಷ್ಟೇ (ಕನ್ವರ್ಟರ್ ಇಲ್ಲದೆ ಎಫ್ 8 ಇಟ್ರೆ ಫೋಕಸ್ ಮಾಡುವಾಗ ಕಿಂಡಿ ಪೂರ್ತಿ ತೆರೆದೇ ಇರುತ್ತೆ, ಪಾಯಿಂಟ್ ಕಮ್ಮಿ ಆಗಲ್ಲ).

ಕೊನೇದು ಬಿಸಿ ಗಾಳಿ. ಬಿಸಿಲು ಏರಿದ್ಮೇಲೆ ಬಂಡೆ, ನೀರಿನ ಮೇಲಿಂದ ಗಾಳಿ ಅಲೆ ಅಲೆಯಾಗಿ ಏಳುತ್ತೆ, ದೂರದ ಹಕ್ಕಿ ಅಂಚೆಲ್ಲ ಕರಗಿದಂಗೆ ಬರುತ್ತೆ, ಒಂದು ಫ್ರೇಮ್ ಸುಮಾರು, ಮುಂದಿನದು ಪೂರ್ತಿ ಹಾಳು, ಯಾವುದೂ ಚೂಪಿಲ್ಲ, ಗೀಚಿದ ಗುರುತೂ ಇಲ್ಲ. ಅದಕ್ಕೆ ಯಾವ ಲೆನ್ಸೂ ಔಷಧಿ ಅಲ್ಲ. ಮೊದಲ ದೋಣೀಲೇ ಹೋಗಿ, ಹೊತ್ತೇರಿದ ಮೇಲೆ ಹತ್ತಿರದ ಹಕ್ಕಿಗಳನ್ನ ಮಾತ್ರ ತೆಗೀರಿ, ದೂರದ ಮರದ ಮೇಲಿರೋ ಹೆಜ್ಜಾರ್ಲೆಗಳನ್ನ ಬರೀ ಕಣ್ಣಲ್ಲಿ ನೋಡ್ಕೊಂಡು ಬನ್ನಿ.